ವಚನ ಬಾಯಿಗೆ ಬಂತು, ಮುಂದೇನು?

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಸಂತಪುರದಂಥ ಊರಲ್ಲಿ ಮಗುವಿನ ಕಿವಿಗೆ ನಾಲ್ಕಾರು ಭಾಷೆ ಬೀಳುತ್ತವೆ. ಸಂತೆಯಲ್ಲಿ ಮರಾಠಿ, ಬಸ್ಸಿನಲ್ಲಿ ದಖನಿ ಉರ್ದು, ಮೊಬೈಲಿನಲ್ಲಿ ಹಿಂದಿ. ಇವುಗಳ ನಡುವೆ ಬಿಗಿಯಾದ ಕನ್ನಡ ವಾಕ್ಯವೊಂದು ಕೇಳಿಸುವುದು ಎಷ್ಟೋ ಮನೆಗಳಲ್ಲಿ ಸಂಜೆಯ ವಚನ ಪಾಠದಿಂದ. ಆಯಿ ಹೇಳಿಕೊಡುತ್ತಾಳೆ, ಮೊಮ್ಮಗಳು ಒಪ್ಪಿಸುತ್ತಾಳೆ. ಮನೆಯಲ್ಲೇ ನಡೆಯುವ ಈ ಶಾಸ್ತ್ರೀಯ ಶಿಕ್ಷಣ ನನಗೆ ಬಹಳ ಬೆಲೆಯುಳ್ಳದ್ದು. ಅದು ಅರ್ಧಕ್ಕೇ ನಿಲ್ಲುತ್ತಿದೆ ಎಂಬುದೇ ನನ್ನ ತಕರಾರು.

ಬೆಲೆ ಏಕೆಂದರೆ, ನಿಜಾಮರ ಕಾಲದಲ್ಲಿ ಇಲ್ಲಿ ಶಾಲೆಯೂ ಕಚೇರಿಯೂ ಉರ್ದುವಿನಲ್ಲಿ ನಡೆಯುತ್ತಿದ್ದವು. ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪಟ್ಟಕ್ಕೆ ಬಂದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಭಾಗದ ಜನ ಇಂದಿಗೂ ನೆನೆಯುತ್ತಾರೆ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರಲ್ಲಿ ಬೀದರ್ ಕನ್ನಡನಾಡನ್ನು ಸೇರುವ ತನಕ ಭಾಷೆಯನ್ನು ಕಾಯ್ದವುಗಳಲ್ಲಿ ಇಂಥ ಮಠಗಳೂ ಮನೆಯ ಪಡಸಾಲೆಗಳೂ ಇದ್ದವು. ಬಾಯಿಪಾಠ ಆಗಿನ ಅನಿವಾರ್ಯ.

ಈಗ ಆ ಅನಿವಾರ್ಯ ಇಲ್ಲ, ಬಾಯಿಪಾಠ ಮಾತ್ರ ಉಳಿದಿದೆ. ಕಂಠಪಾಠ ಸ್ಪರ್ಧೆಯಲ್ಲಿ ಯಾರು ಎಷ್ಟು ವಚನ ಹೇಳಿದರು ಎಂಬುದೇ ಲೆಕ್ಕ. ಬರೆಯುವ ಹೊತ್ತು ಬಂದರೆ ಗೈಡಿನ ಭಾವಾರ್ಥ ನಕಲಾಗುತ್ತದೆ. ಬಾಯಿಪಾಠದಾಚೆಗೆ ಏನಿರಬೇಕು ಎಂಬುದಕ್ಕೆ ಹೊರಗಿನ ಒಂದು ಮಾದರಿ ಉಂಟು. ಇಂಗ್ಲೆಂಡಿನ ಲೇಖಕಿ ಡೊರೊತಿ ಸೇಯರ್ಸ್ 1947ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಒಂದು ಭಾಷಣವನ್ನು ಮನೆಶಿಕ್ಷಣದ ಕುಟುಂಬಗಳು ಅಮೆರಿಕದಲ್ಲಿ ಇವತ್ತಿಗೂ ಓದುತ್ತವೆ. ಮೊದಲು ನೆನಪು, ಆಮೇಲೆ ವಾದ, ಕೊನೆಗೆ ಸೊಗಸಾಗಿ ಹೇಳುವ ಕಲೆ ಎಂಬುದು ಆಕೆ ಅದರಲ್ಲಿ ವಿವರಿಸಿದ ಕ್ರಮ. ನಮ್ಮ ಮನೆಗಳಲ್ಲಿ ಮೊದಲ ಮೆಟ್ಟಿಲು ಗಟ್ಟಿಯಾಗಿದೆ, ಎರಡನೆಯದು ಇಲ್ಲವೇ ಇಲ್ಲ.

ಆ ಎರಡನೆಯದಕ್ಕೆ ಬೇಕಾದ ಗ್ರಂಥ ನಮ್ಮಲ್ಲೇ ಇದೆ, ದುಃಖದ ಮಾತೆಂದರೆ ಅದೇ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ವಚನಗಳನ್ನು ಪ್ರಶ್ನೋತ್ತರವಾಗಿ ಜೋಡಿಸಿ ‘ಶೂನ್ಯಸಂಪಾದನೆ’ ಕಟ್ಟಿದ. ಅದರ ಬಹುಭಾಗ ನಡೆಯುವುದು ಕಲ್ಯಾಣದಲ್ಲಿ, ಅಂದರೆ ನಮ್ಮದೇ ಜಿಲ್ಲೆಯ ಬಸವಕಲ್ಯಾಣದಲ್ಲಿ. ಬಿಡಿಯಾಗಿ ಓದಿದಾಗ ಉಪದೇಶದಂತೆ ಕಾಣುವ ವಚನ ಅಲ್ಲಿ ಯಾರದೋ ಮಾತಿಗೆ ಕೊಟ್ಟ ಉತ್ತರವಾಗುತ್ತದೆ. ಹಾಗೆಂದು ಇಡೀ ಗ್ರಂಥ ಮಕ್ಕಳಿಗೆ ಒಗ್ಗದು. ಒಗಟಿನಂಥ ಬೆಡಗಿನ ವಚನಗಳು ದೊಡ್ಡವರಿಗೇ ಕಷ್ಟ. ಇನ್ನೊಂದು ತೊಡಕೂ ಉಂಟು: ಹೆಚ್ಚಿನ ವಾದಗಳಲ್ಲಿ ಗ್ರಂಥದ ನಾಯಕ ಅಲ್ಲಮನ ಮಾತೇ ಮೇಲಾಗುತ್ತದೆ, ಗೆಲ್ಲುವವರು ಯಾರೆಂದು ಮಗುವಿಗೆ ಮೊದಲೇ ಗೊತ್ತಿರುತ್ತದೆ.

ಹಾಗಾಗಿ ನಾನು ಗಂಡ ಹೆಂಡತಿಯ ನಡುವೆಯೇ ವಾದ ಹುಟ್ಟುವ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಆರಿಸುತ್ತೇನೆ. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಹೆಚ್ಚಿಗೆ ತಂದ. ಲಕ್ಕಮ್ಮ, ಅಲ್ಲೇ ಸುರಿದು ಬಾ ಎಂದಳು. ಅಣ್ಣನ ಮಗಳಿಗೆ ಇಷ್ಟು ಕಥೆ ಹೇಳಿ, ತೀರ್ಪು ಬರೆ ಅಂದೆ.

“ಕಾಕಾ, ಚೆಲ್ಲಿದ್ದು ಯಾರದೂ ಅಲ್ಲಲ್ಲ? ತಂದ್ರ ತಪ್ಪೇನದ?”

“ಅದನ್ನೇ ಬರಿ. ಆಮ್ಯಾಲ ಲಕ್ಕಮ್ಮ ಏನಂದಿದ್ದಳು ಅಂತನೂ ಬರಿ.”

ಉಳಿದ ಅಕ್ಕಿ ಬೇರೆ ಬಡವರಿಗೆ ಬೇಕಿತ್ತು ಎಂದು ಮೊದಲು ಬರೆದಳು. ಸ್ವಲ್ಪ ಹೊತ್ತು ಪೆನ್ನು ಕಚ್ಚುತ್ತ ಕೂತು ಅದನ್ನು ಹೊಡೆದುಹಾಕಿ, ನಾಳಿನದು ಇವತ್ತೇ ತಂದರೆ ನಾಳೆ ಕಾಯಕಕ್ಕೆ ಹೋಗುವುದು ತಪ್ಪುತ್ತದೆ ಎಂದು ಬರೆದಳು. ಎರಡನೆಯ ಕಾರಣ ಯಾವ ಗೈಡಿನದೂ ಅಲ್ಲ. ಲಕ್ಕಮ್ಮನ ವಚನಗಳು ಅವಳಿಗೆ ಬಾಯಿಗೆ ಬರುತ್ತಿದ್ದವು, ಆದರೆ ಅವು ಒಂದು ಜಗಳದಲ್ಲಿ ಆಡಿದ ಮಾತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬರೆದದ್ದನ್ನು ತಿದ್ದುವ ದಾರಿಗೂ ದೂರ ಹೋಗಬೇಕಿಲ್ಲ. ಪಕ್ಕದ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಆಸ್ಥಾನದಲ್ಲಿ, ಸುಮಾರು 850ರ ಹೊತ್ತಿಗೆ ಹುಟ್ಟಿದ ‘ಕವಿರಾಜಮಾರ್ಗ’ ದೋಷವಿರುವ ಪದ್ಯವನ್ನು ಕೊಟ್ಟು, ತಿದ್ದಿದ ರೂಪವನ್ನೂ ತೋರಿಸುತ್ತದೆ. ಅದೇ ಪದ್ಧತಿ ಮನೆಯಲ್ಲೂ ನಡೆಯುತ್ತದೆ: ಹೊಡೆದುಹಾಕಿದ ಸಾಲು ಹಾಳೆಯ ಮೇಲೆ ಇರಲಿ, ತಿದ್ದಿದ ಸಾಲು ಅದರ ಪಕ್ಕದಲ್ಲಿರಲಿ, ಯಾವುದು ಏಕೆ ಮೇಲು ಎಂದು ಮಗುವೇ ಹೇಳಲಿ. ‘ಅದ’, ‘ತಂದ್ರ’ ಎಂಬ ಬೀದರ್ ಮಾತನ್ನು ಮೊದಲ ಕರಡಿನಲ್ಲಿ ಮುಟ್ಟಬಾರದು. ಕಾಗುಣಿತದ ಕೆಂಪು ಶಾಯಿ ಬಿದ್ದ ಕೂಡಲೇ ವಾದಕ್ಕಿಳಿದ ಮಗು ಮತ್ತೆ ಒಪ್ಪಿಸುವ ಮಗುವಾಗುತ್ತದೆ.

ಕಂಠಪಾಠ ಸ್ಪರ್ಧೆಗಳು ನಿಲ್ಲಬೇಕೆಂದು ನಾನು ಹೇಳುವುದಿಲ್ಲ. ವೇದಿಕೆಯಿಂದ ಇಳಿದ ಮಗುವಿನ ಕೈಗೆ ಒಂದು ಹಾಳೆ ಕೊಟ್ಟು, ಹೇಳಿದ ವಚನಗಳಲ್ಲಿ ಒಂದನ್ನು ಒಪ್ಪುತ್ತೀಯೋ ಇಲ್ಲವೋ, ಕಾರಣ ಬರೆ ಎಂದು ಸಂಘಟಕರು ಹೇಳಲಿ. ಬಹುಮಾನದ ಅಂಕಗಳಲ್ಲಿ ಅರ್ಧ ಆ ಹಾಳೆಗೆ ಸಲ್ಲಲಿ.