ಮೇಲಿನ ಸಾಲಿನ ಹುಡುಗ

ಕಳೆದ ಬೇಸಗೆಯಲ್ಲಿ ಖಾನಾಪುರ ತಾಲೂಕಿನ ಪಾರಿಶ್ವಾಡಕ್ಕೆ ಹೋಗಿದ್ದಾಗ ನನ್ನ ಸೋದರಮಾವನವರ ಪಡಸಾಲೆಯ ಗೋಡೆಯ ಮೇಲೆ ಹಳೆಯದೊಂದು ಶಾಲೆಯ ಗುಂಪುಚಿತ್ರ ಕಂಡೆ. ಅಂಥದು ನಮ್ಮ ಸೀಮೆಯ ಯಾವ ಮನೆಯಲ್ಲಿಲ್ಲ? ನಡುವೆ ಕುರ್ಚಿಗಳು, ಅವುಗಳ ಮೇಲೆ ಕೋಟು ತೊಟ್ಟ ಮಾಸ್ತರರು, ಕೊರಳಲ್ಲಿ ಹಾರ ಹಾಕಿಕೊಂಡ ಅತಿಥಿಗಳು, ಕೆಳಗೆ ಜಮಖಾನದ ಮೇಲೆ ಚಿಕ್ಕವರು, ಹಿಂದೆ ನಿಂತವರು, ಅವರ ಹಿಂದೆ ಬೆಂಚು ಹತ್ತಿ ನಿಂತವರು. ಮಾಮಾ ಕನ್ನಡಕ ಏರಿಸಿಕೊಂಡು, “ಇದರಾಗ ನಾ ಎಲ್ಲೆ ಅದೀನಿ, ಹೇಳು ನೋಡೋಣು” ಎಂದರು. ನಾನು ಹುಡುಕಿ ಸೋತೆ. ಕೊನೆಗೆ ಅವರೇ ಬೆರಳಿಟ್ಟು ತೋರಿಸಿದರು. ಮೇಲಿನ ಸಾಲಿನ ತುದಿಯಲ್ಲಿ, ಪಕ್ಕದ ಎತ್ತರದ ಹುಡುಗನ ಹೆಗಲಿನ ಮರೆಯಲ್ಲಿ, ಅರ್ಧ ಹಣೆ ಮತ್ತು ಒಂದು ಕಿವಿ. ಅವರ ಬಾಲ್ಯದ್ದೆಂದು ಉಳಿದಿರುವ ಚಿತ್ರ ಇದೊಂದೇ.

ಈ ಬಗೆಯ ಚಿತ್ರಗಳನ್ನು ಹಾಸ್ಯಮಾಡುವುದು ಸುಲಭ. ಹಾಸ್ಯಕ್ಕೆ ಮೊದಲು ನ್ಯಾಯ ಸಲ್ಲಬೇಕು. ಮೂರು ಕಾಲಿನ ಮೇಲೆ ನಿಂತ ಆ ದೊಡ್ಡ ಕ್ಯಾಮರಾದ ಹಿಂದೆ ಕಪ್ಪು ಬಟ್ಟೆ ಹೊದ್ದು ನಿಂತವನಿಗೆ ಗಾಜಿನ ಮೇಲೆ ಇಡೀ ಶಾಲೆ ತಲೆಕೆಳಗಾಗಿ ಕಾಣುತ್ತಿತ್ತು. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಮುಖಗಳೆಲ್ಲ ಸ್ಪಷ್ಟವಾಗಿ ಮೂಡಬೇಕಾದರೆ ಮಸೂರದ ಬಾಯಿಯನ್ನು ಕಿರಿದುಮಾಡಬೇಕು. ಬಾಯಿ ಕಿರಿದಾದರೆ ಬೆಳಕು ಕಡಿಮೆ. ಬೆಳಕು ಕಡಿಮೆಯಾದರೆ ಹೆಚ್ಚು ಹೊತ್ತು ತೆರೆದಿಡಬೇಕು. “ಅಲುಗಾಡಬೇಡಿ” ಎಂಬ ಆ ಗದರಿಕೆ ಹುಟ್ಟಿದ್ದು ಹೀಗೆ. ನಮ್ಮ ಹಿರಿಯರೆಲ್ಲ ಚಿತ್ರಗಳಲ್ಲಿ ಮರದ ಬೊಂಬೆಗಳಂತೆ ಕಾಣುವುದಕ್ಕೆ ಅವರ ಸ್ವಭಾವ ಕಾರಣವಲ್ಲ, ಯಂತ್ರದ ನಿರ್ಬಂಧ ಕಾರಣ. ಸಾಲುಗಳನ್ನು ಮೆಟ್ಟಿಲಿನಂತೆ ಏರಿಸಿದ್ದೂ ಒಳ್ಳೆಯ ಯುಕ್ತಿಯೇ. ಆದರೆ ನಡುವಿನ ಕುರ್ಚಿಯಲ್ಲಿ ಯಾರು ಕೂಡಬೇಕೆಂದು ಯಂತ್ರ ಹೇಳಲಿಲ್ಲ. ಮಸೂರಕ್ಕೆ ಮುಖ್ಯ ಅತಿಥಿಯೂ ಒಂದೇ, ಮೇಲಿನ ಸಾಲಿನ ಹುಡುಗನೂ ಒಂದೇ. ಆ ತಾರತಮ್ಯ ನಮ್ಮದು. ಸಂಯೋಜನೆ ಎಂಬ ಕಲೆ ಅಲ್ಲಿ ಆಗಲೇ ನಡೆದುಹೋಗಿದೆ.

ಈಚಿನ ಕೈಪಿಡಿಗಳಿಗೆ ಈ ಮಾತು ಕೇಳಿಸುವುದಿಲ್ಲ. ಅವು ಸಂಯೋಜನೆ ಎಂದೊಡನೆ ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಮೂರು ಪಾಲು ಮಾಡಿ, ಗೆರೆಗಳು ಕೂಡುವಲ್ಲಿ ಮುಖವನ್ನಿಡಿ ಎನ್ನುತ್ತವೆ. ಮೊಬೈಲು ಫೋನೂ ತೆರೆಯ ಮೇಲೆ ಆ ಗೆರೆಗಳನ್ನು ಎಳೆದುಕೊಡುತ್ತದೆ. ಈ ಮೂರು ಪಾಲಿನ ನಿಯಮಕ್ಕೆ ಹೆಸರಿಟ್ಟವನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲೆಂಡಿನ ಚಿತ್ರಕಾರ, 1797ರಲ್ಲಿ. ಅವನ ಪುಸ್ತಕದ ವಿಷಯ ಹಳ್ಳಿಗಾಡಿನ ನಿಸರ್ಗದೃಶ್ಯ. ಗುಡ್ಡಕ್ಕೂ ಆಕಾಶಕ್ಕೂ ಹೇಳಿದ ಮಾತು ನಾಲ್ಕನೆಯ ಇಯತ್ತೆಯ ಹುಡುಗಿಗೆ ಪೂರ್ತಿ ಸಲ್ಲಬೇಕೆಂದೇನೂ ಇಲ್ಲ. ಗುಡ್ಡ ನಮ್ಮನ್ನು ಕಂಡು ನಾಚಿಕೊಳ್ಳುವುದಿಲ್ಲವಷ್ಟೆ!

ಮಕ್ಕಳ ಚಿತ್ರದಲ್ಲಿ ಮೊದಲ ಪ್ರಶ್ನೆ ಎತ್ತರದ್ದು. 1929ರಲ್ಲಿ ಜರ್ಮನಿಯಿಂದ ಬಂದ ರೋಲಿಫ್ಲೆಕ್ಸ್ ಕ್ಯಾಮರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ಬಾಗಿಸಿ ಮೇಲಿನಿಂದ ಗಾಜಿನೊಳಗೆ ನೋಡಬೇಕಾಗಿತ್ತು. ಬಡವರ ಡಬ್ಬಿ ಕ್ಯಾಮರಾಗಳ ರೀತಿಯೂ ಬಹುಮಟ್ಟಿಗೆ ಅದೇ. ದೊಡ್ಡವರ ಹೊಟ್ಟೆಯ ಮಟ್ಟವೆಂದರೆ ಸುಮಾರು ಮೂರೂವರೆ ಅಡಿ. ಎರಡನೆಯ ಇಯತ್ತೆಯ ಮಗುವಿನ ಕಣ್ಣೂ ಹೆಚ್ಚುಕಡಿಮೆ ಅಲ್ಲಿಯೇ ಇರುತ್ತದೆ. ಬೇಕೆಂದೋ ಬೇಡವೆಂದೋ, ಆ ಯಂತ್ರ ಛಾಯಾಗ್ರಾಹಕನ ತಲೆ ತಗ್ಗಿಸಿ ಮಗುವಿನ ಕಣ್ಣಿಗೆ ಕಣ್ಣು ಕೂಡಿಸುತ್ತಿತ್ತು. ಕ್ಯಾಮರಾ ಮುಖಕ್ಕೆ ಏರಿದ ಮೇಲೆ, ಫೋನು ಮುಖದೆದುರಿಗೆ ಬಂದ ಮೇಲೆ, ಆ ಬಲವಂತದ ವಿನಯ ಹೋಯಿತು. ನಿಂತಲ್ಲಿಂದಲೇ ತೆಗೆದರೆ ಮಗುವಿನ ತಲೆ ದೊಡ್ಡದು, ಕಾಲು ಸಣ್ಣದು, ಕಣ್ಣು ಮೇಲಕ್ಕೆ: ಏನನ್ನೋ ಬೇಡುವವರ ಭಂಗಿ. ನೋಟುಬುಕ್ಕು ಹಂಚುವ, ಚೀಲ ಹಂಚುವ ಸಮಾರಂಭಗಳ ಚಿತ್ರಗಳನ್ನು ನೋಡಿರಿ. ಕೊಡುವ ಕೈ ನಡುವೆ, ಇಸಿದುಕೊಳ್ಳುವ ಮಗು ಅಂಚಿಗೆ. ನಾನೂ ಇದಕ್ಕೆ ಹೊರತಲ್ಲ. ಒಮ್ಮೆ ಒಂದು ಶಾಲೆಯ ಹಬ್ಬದಲ್ಲಿ ಆರತಿ ಹಿಡಿದ ಹುಡುಗಿಯರನ್ನು ತೆಗೆದೆ. ಗೆರೆಗಳೆಲ್ಲ ಸರಿಯಾಗಿ ಕೂಡಿದ್ದುವು. ಮನೆಗೆ ಬಂದು ನೋಡಿದರೆ ಕೊನೆಯ ಹುಡುಗಿಯ ಮುಖವೇ ಚೌಕಟ್ಟಿನ ಆಚೆಗೆ ಹೋಗಿತ್ತು. ತಟ್ಟೆ ಹಿಡಿದ ಕೈ ಮಾತ್ರ ಇತ್ತು.

ಬಾಗುವುದನ್ನು ಬಲವಂತವಿಲ್ಲದೆ ಬಲ್ಲವರು ನಮ್ಮಲ್ಲಿ ಇದ್ದರು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಪತ್ರಿಕೆಗಳಿಗಾಗಿ ದೇಶ ಸುತ್ತಿದವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳನ್ನು ಯುನಿಸೆಫ್ ಸಂಸ್ಥೆ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿತು. ಅವರ ಕಪ್ಪುಬಿಳುಪು ಚಿತ್ರಗಳಲ್ಲಿ ಮಗು ಯಾರ ಕರುಣೆಯನ್ನೂ ಕೇಳುವುದಿಲ್ಲ. ತನ್ನ ಕೆಲಸದಲ್ಲಿ ತಾನಿರುತ್ತದೆ. ಕೆಲವು ಕಡೆ ಮಾಧುರ್ಯ ಒಂದು ತೂಕ ಹೆಚ್ಚಾಯಿತೆಂದು ನನಗೆ ಅನ್ನಿಸಿದ್ದುಂಟು. ಆದರೆ ಅದು ಪ್ರೀತಿಯ ಅತಿರೇಕ, ಅಹಂಕಾರದ್ದಲ್ಲ.

ಫ್ರಾನ್ಸಿನ ರಾಬರ್ಟ್ ದುವಾನೋ 1956ರಲ್ಲಿ ಪ್ಯಾರಿಸಿನ ಶಾಲೆಯೊಂದರಲ್ಲಿ ತೆಗೆದ ಚಿತ್ರ ಲೋಕಪ್ರಸಿದ್ಧವಾಗಿದೆ. ಒಬ್ಬ ಹುಡುಗ ಉತ್ತರ ಸೂರಿನಿಂದ ಉದುರಬಹುದೆಂಬಂತೆ ಮೇಲೆ ನೋಡುತ್ತಿದ್ದಾನೆ. ಪಕ್ಕದವನದು ನೆರೆಯವನ ಬರಹದ ಮೇಲೆ ಕಳ್ಳನೋಟ. ಮೇಷ್ಟ್ರು ಚಿತ್ರದಲ್ಲಿಲ್ಲ, ಆದರೂ ಅವರ ಭಯವಿದೆ. ಒಬ್ಬನ ಕಣ್ಣು ಮೇಲಕ್ಕೆ, ಇನ್ನೊಬ್ಬನದು ಅಡ್ಡಕ್ಕೆ. ಆ ಎರಡು ನೋಟಗಳೇ ಚಿತ್ರದ ಗೆರೆಗಳು. ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸಿದ್ದರೆ ಈ ಶಾಲೆ ಸಿಕ್ಕುತ್ತಿತ್ತೆ?

ಇದಕ್ಕೆ ಪ್ಯಾರಿಸ್ ಬೇಕಾಗಿಲ್ಲ. ಹೆಂಚು ಹೊದಿಸಿದ ನಮ್ಮ ಹಳ್ಳಿಯ ಶಾಲೆಯ ಕೋಣೆಯಲ್ಲಿ ಒಂದು ಕಡೆಯಿಂದ ಮಾತ್ರ ಕಿಟಕಿಯ ಬೆಳಕು ಬರುತ್ತದಲ್ಲ, ಮುಖಕ್ಕೆ ಅದಕ್ಕಿಂತ ಹಿತವಾದ ಬೆಳಕಿಲ್ಲ. ನಡುಮಧ್ಯಾಹ್ನದ ಬಯಲು ಕಣ್ಣುಗಳನ್ನು ಕಪ್ಪು ಕುಳಿಮಾಡುತ್ತದೆ. ಮಳೆಗಾಲದ ಮೋಡ ಅದೇ ಬೆಳಕನ್ನು ಸೋಸಿಕೊಡುತ್ತದೆ. ಬಾಗಿಲಿನ ಚೌಕಟ್ಟು, ಬೆಂಚುಗಳ ಸಾಲು ತಾವಾಗಿಯೇ ಒದಗುತ್ತವೆ. ಬೇಕಾದದ್ದು ಮಕ್ಕಳು ನಮ್ಮನ್ನು ಮರೆಯುವವರೆಗೆ ನೆಲದ ಮೇಲೆ ಕೂಡುವ ತಾಳ್ಮೆ. ಗುಂಪುಚಿತ್ರ ಬೇಕೇಬೇಕೆಂದರೆ ತೆಗೆಯಿರಿ. ಆದರೆ ಗುಂಡಿ ಒತ್ತುವ ಮುನ್ನ ಮೇಲಿನ ಸಾಲಿನ ತುದಿಯಿಂದ ಮುಖಗಳನ್ನು ಎಣಿಸಿರಿ, ಕುರ್ಚಿಗಳಿಂದಲ್ಲ.

ಹೊರಡುವ ದಿನ ಮಾಮಾ ಪಡಸಾಲೆಯಲ್ಲಿ ಕಿಟಕಿಯ ಬಳಿ ಕುಳಿತಿದ್ದರು. ನಾನು ಮೊಳಕಾಲೂರಿ ಫೋನು ಹಿಡಿದೆ. ತೆಗೆದಾದ ಮೇಲೆ ಅವರು ಚಿತ್ರವನ್ನು ನೋಡಲು ಬಯಸಲಿಲ್ಲ, ಕೇಳಿದರು ಅಷ್ಟೆ: “ಎರಡೂ ಕಿವಿ ಬಂದಾವಿಲ್ಲೋ?”