ಪ್ಯಾಕರ್ಡ್ ಪಕ್ಷದ ವಾದ

ಅಮೆರಿಕದ ಹಳೆಯ ಐಷಾರಾಮಿ ಕಾರುಗಳ ಪ್ರಸ್ತಾಪ ಬಂದಾಗಲೆಲ್ಲ, ಆ ವಿಷಯದಲ್ಲಿ ರಸಿಕರೆನಿಸಿಕೊಂಡವರು ಒಂದು ಸಿದ್ಧತೀರ್ಪನ್ನು ಜೇಬಿನಿಂದ ತೆಗೆದು ಮುಂದಿಡುವುದು ವಾಡಿಕೆಯಾಗಿಬಿಟ್ಟಿದೆ. ಅವು ಗಾತ್ರದಲ್ಲಿ ದೊಡ್ಡವಂತೆ, ಸ್ವಭಾವದಲ್ಲಿ ಮೆತ್ತನೆಯವಂತೆ, ನೇರವಾದ ಹೆದ್ದಾರಿಯಲ್ಲಿ ಸುಖವಾಗಿ ತೇಲತಕ್ಕವಂತೆ. ಆದರೆ ಆತ್ಮವಿಲ್ಲದವಂತೆ, ಚಕ್ರ ಕಟ್ಟಿದ ಸೋಫಾಗಳಂತೆ. ಯೂರೋಪಿನ ಯಂತ್ರಗಳಿಗೆ ವ್ಯಕ್ತಿತ್ವವುಂಟು, ಇವಕ್ಕೆ ಇರುವುದು ಸುಖವೊಂದೇ ಎಂಬುದು ಈ ತೀರ್ಪಿನ ತಾತ್ಪರ್ಯ. ಬಹುಕಾಲ ಇದನ್ನು ಕೇಳಿಯೂ ಕೇಳದವನಂತೆ ಇದ್ದ ನನಗೆ, ಬುಗಾಟಿಯೊಂದರ ಸದ್ದನ್ನು ಜನ್ಮದಲ್ಲಿ ಕೇಳದವರೂ ಬುಗಾಟಿಯ ಹೆಸರು ಹೇಳಿ ಪ್ಯಾಕರ್ಡನ್ನು ಹಳಿಯತೊಡಗಿದ ಮೇಲೆ, ಇನ್ನು ಸುಮ್ಮನಿರಲು ಸಾಧ್ಯವಾಗಲಿಲ್ಲ.

ನಿಷ್ಪಕ್ಷಪಾತವಾದ ಸಮೀಕ್ಷೆಯನ್ನು ಅಪೇಕ್ಷಿಸತಕ್ಕವರು ಬೇರೆ ಲೇಖನವನ್ನು ಹುಡುಕಿಕೊಳ್ಳಬೇಕು. ಬಫೆಲೋ ನಗರದ ಪಿಯರ್ಸ್-ಆ್ಯರೋ ತನ್ನ ದೀಪಗಳನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಗಂಭೀರವಾಗಿ ಬಾಳಿ 1938ರಲ್ಲಿ ಕಣ್ಮುಚ್ಚಿತು; ಕ್ಲೀವ್‌ಲೆಂಡಿನ ಪಿಯರ್‌ಲೆಸ್ ಅದಕ್ಕೂ ಮುಂಚೆಯೇ ಹೋಯಿತು; ಲಿಂಕನ್ ಸಭ್ಯವಾದ ಕಾರು. ಅವುಗಳಿಗೆ ನನ್ನ ನಮಸ್ಕಾರ. ಇನ್ನು ಡ್ಯೂಸೆನ್‌ಬರ್ಗ್: 1928ರಲ್ಲಿ ಬಂದ ಅದರ ಜೆ ಮಾದರಿ, ಸಿಲಿಂಡರಿಗೆ ನಾಲ್ಕು ವಾಲ್ವು, ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟು, 265 ಅಶ್ವಶಕ್ತಿಯೆಂಬ ಘೋಷಣೆ, ಇವುಗಳ ಬಲದಿಂದ ಇಂದೋರಿನ ಹೋಳ್ಕರ್ ಮಹಾರಾಜರ ಮನಸ್ಸನ್ನೂ ಹಾಲಿವುಡ್ಡಿನ ನಟರ ಮನಸ್ಸನ್ನೂ ಗೆದ್ದಿತೆಂಬುದು ನಿಜ. ಆದರೆ ತನ್ನ ನಡುಕವನ್ನು ಅಡಗಿಸುವುದಕ್ಕಾಗಿ ಕ್ರ್ಯಾಂಕ್‌ಶಾಫ್ಟಿಗೆ ಪಾದರಸ ತುಂಬಿದ ಕೋಶಗಳನ್ನು ಬಿಗಿದುಕೊಂಡ ಯಂತ್ರವನ್ನು ನಾನು ಮಹಾಪ್ರತಿಭೆಯೆಂದೇನೋ ಒಪ್ಪಬಲ್ಲೆ, ಸುಸಂಸ್ಕೃತವೆಂದು ಒಪ್ಪಲಾರೆ.

ಸೋಫಾ ಎನ್ನುವವರು ಮೊದಲು ತಿಳಿಯಬೇಕಾದದ್ದು, ನಯವೆಂಬುದು ಮೆತ್ತೆಯಿಂದ ಬರತಕ್ಕ ಗುಣವಲ್ಲವೆಂಬುದು. ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಎರಡು ಪಿಸ್ಟನ್ನುಗಳು ಏರುವಾಗ ಎರಡು ಇಳಿಯುವುದರಿಂದ ತೂಕವೇನೋ ಮೇಲ್ನೋಟಕ್ಕೆ ಸರಿದೂಗುತ್ತದೆ. ಆದರೆ ಕನೆಕ್ಟಿಂಗ್ ರಾಡು ಓರೆಯಾಗುವ ಕಾರಣದಿಂದ ಪಿಸ್ಟನ್ನಿನ ಚಲನೆ ಮೇಲಿನ ಅರ್ಧದಲ್ಲಿ ಹೆಚ್ಚು ವೇಗವಾಗಿಯೂ ಕೆಳಗಿನ ಅರ್ಧದಲ್ಲಿ ಕಡಿಮೆ ವೇಗವಾಗಿಯೂ ಇರುವುದರಿಂದ, ಒಂದು ಸುತ್ತಿಗೆ ಎರಡು ಸಲದಂತೆ ಒಂದು ಕಂಪನ ಉಳಿದೇ ಉಳಿಯುತ್ತದೆ. ಕ್ಯಾಡಿಲಾಕಿನವರು 1914ರಲ್ಲಿ ಇಂಥ ನಾಲ್ಕರ ಎರಡು ಸಾಲುಗಳನ್ನು ತೊಂಬತ್ತು ಡಿಗ್ರಿ ಕೋನದಲ್ಲಿ ಜೋಡಿಸಿ ವಿ-8 ಮಾಡಿದರು. ಕಂಪನ ಹೋಗಲಿಲ್ಲ, ಮೇಲೆ ಕೆಳಗೆ ಆಡುತ್ತಿದ್ದುದು ಅಡ್ಡಡ್ಡ ಆಡತೊಡಗಿತು. ಅದನ್ನು ಗಣಿತದ ಸಹಾಯದಿಂದ, ಕ್ರ್ಯಾಂಕ್‌ಶಾಫ್ಟಿನ ಬಾಗುಗಳನ್ನು ಎರಡು ಸಮತಲಗಳಲ್ಲಿ ಹಂಚಿ, ಅವರೇ 1923ರ ಹೊತ್ತಿಗೆ ನಿವಾರಿಸಿಕೊಂಡರು. ಇದು ದೊಡ್ಡ ಕೆಲಸವೆಂಬುದನ್ನು ಶತ್ರುಪಕ್ಷದವನಾದ ನಾನೂ ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಸಾಲಿನಲ್ಲಿ ನಿಲ್ಲಿಸಿದ ಎಂಟು ಸಿಲಿಂಡರುಗಳಿಗೆ ಈ ವ್ಯಾಧಿ ಹುಟ್ಟಿನಿಂದಲೇ ಇಲ್ಲ. ಪ್ರತಿ ತೊಂಬತ್ತು ಡಿಗ್ರಿಗೆ ಒಂದು ಸಿಲಿಂಡರು ಸಿಡಿಯುವುದರಿಂದ, ಒಂದರ ನೂಕು ಪೂರ್ತಿ ಇಳಿಯುವ ಮೊದಲೇ ಮತ್ತೊಂದರದು ಆರಂಭವಾಗುತ್ತದೆ; ಶಕ್ತಿ ಎಲ್ಲಿಯೂ ತುಂಡಾಗದೆ ಹರಿಯುತ್ತದೆ. ಅದಕ್ಕಿರುವ ಒಂದೇ ಶತ್ರುವೆಂದರೆ ಉದ್ದ. ಅಷ್ಟು ನೀಳವಾದ ಉಕ್ಕಿನ ದಂಡ ಸಿಡಿತದ ಪೆಟ್ಟಿಗೆ ತಿರುಚಿಕೊಳ್ಳಲು ಯತ್ನಿಸುತ್ತದೆ, ಮಧ್ಯದಲ್ಲಿ ಬಳುಕಲು ನೋಡುತ್ತದೆ.

1899ರಲ್ಲಿ ಓಹಾಯೋ ಪ್ರಾಂತದ ವಾರನ್ ಎಂಬ ಊರಿನಲ್ಲಿ ಹುಟ್ಟಿ, 1903ರಲ್ಲಿ ಡೆಟ್ರಾಯಿಟಿಗೆ ಬಂದು ನೆಲಸಿದ ಪ್ಯಾಕರ್ಡ್ ಸಂಸ್ಥೆ ಈ ಉದ್ದವನ್ನು ಎದುರಿಸಿದ ರೀತಿಯೇ ನನ್ನ ವಾದದ ಆಧಾರಸ್ತಂಭ. ಅದರ ಯಂತ್ರಶಿಲ್ಪಿ ಜೆಸ್ಸಿ ವಿನ್ಸೆಂಟ್ 1915ರಲ್ಲಿಯೇ ಹನ್ನೆರಡು ಸಿಲಿಂಡರುಗಳ ಟ್ವಿನ್ ಸಿಕ್ಸನ್ನು ಲೋಕಕ್ಕೆ ಕೊಟ್ಟಿದ್ದನು. 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಅಧಿಕಾರ ಸ್ವೀಕರಿಸಲು ಕುದುರೆಗಾಡಿಯನ್ನು ಬಿಟ್ಟು ಮೋಟಾರಿನಲ್ಲಿ ಹೊರಟ ಮೊದಲಿಗನಾದದ್ದು ಅಂಥದೊಂದು ಕಾರಿನಲ್ಲಿಯೇ. ಇಷ್ಟು ಕೀರ್ತಿ ತಂದ ಹನ್ನೆರಡನ್ನು ಬದಿಗಿಟ್ಟು 1923ರಲ್ಲಿ ಪ್ಯಾಕರ್ಡ್ ಸಾಲಿನ ಎಂಟಕ್ಕೆ ಇಳಿದಾಗ, ಅದನ್ನು ಹಿಂಜರಿಕೆಯೆಂದವರುಂಟು. ನನ್ನ ಮಟ್ಟಿಗೆ ಅದು ಒಬ್ಬ ಶಿಲ್ಪಿ ಅಲಂಕಾರವನ್ನು ಬಿಟ್ಟು ರೇಖೆಯನ್ನು ನಂಬಿದ ಗಳಿಗೆ. (1932ರಲ್ಲಿ ಅದೇ ಸಂಸ್ಥೆ ಮತ್ತೆ ಹನ್ನೆರಡಕ್ಕೆ ಮರಳಿತಲ್ಲ ಎಂದು ಕೇಳುವವರಿಗೆ ನನ್ನ ಉತ್ತರ: ಅದೂ ವಿವೇಕವೇ.) ವಿನ್ಸೆಂಟ್ ಆ ನೀಳವಾದ ದಂಡಕ್ಕೆ ಒಂಬತ್ತು ಬೇರಿಂಗುಗಳನ್ನು ಕೊಟ್ಟನು, ಎಂದರೆ ಪ್ರತಿಯೊಂದು ಸಿಲಿಂಡರಿನ ಎಡಬಲಗಳಲ್ಲಿಯೂ ಒಂದೊಂದು ಆಧಾರ. ಐದರಲ್ಲಿ ನಿಭಾಯಿಸಬಹುದಿತ್ತು, ಅನೇಕರು ನಿಭಾಯಿಸಿದರು. ಕಣ್ಣಿಗೆ ಕಾಣದ ಎಡೆಯಲ್ಲಿ, ಕೊಳ್ಳುವವನು ಎಂದೂ ಬಗ್ಗಿ ನೋಡದ ಕತ್ತಲಲ್ಲಿ, ಯಾರೂ ಕೇಳದ ನಾಲ್ಕು ಆಧಾರಗಳನ್ನು ಹೆಚ್ಚಾಗಿ ಕೊಡುವುದನ್ನು ಸಂಸ್ಕೃತಿಯೆನ್ನದೆ ಮತ್ತೇನೆನ್ನಬೇಕು?

ಇಂಥದೊಂದು ಕಾರಿನ ಬಾನೆಟ್ಟನ್ನು ಎತ್ತಿ ನೋಡಿದವರಿಗೆ ಮೊದಲು ಒಂದು ಬಗೆಯ ನಿರಾಶೆಯಾಗುವುದು ಸಹಜ. ಅಲ್ಲಿರುವುದು ಎರಕದ ಕಬ್ಬಿಣದ ಒಂದು ಉದ್ದನೆಯ ದಿಮ್ಮಿ. ಅದರ ಮೇಲೆ ಚಪ್ಪಟೆಯಾದ ಮುಚ್ಚಳ. ಮುಚ್ಚಳದ ಮೇಲೆ ಪಂಕ್ತಿಯಲ್ಲಿ ಕೂತ ಎಂಟು ಪ್ಲಗ್ಗುಗಳು. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿಯೇ ಕ್ಯಾಮ್‌ಶಾಫ್ಟಿಗೆ ನಿಕಟವಾಗಿರುವುದರಿಂದ ತಟತಟನೆ ಬಡಿಯುವ ತೋಳುಗಳಾಗಲಿ ನೀಳವಾದ ಕಡ್ಡಿಗಳಾಗಲಿ ಇಲ್ಲ, ಆದ್ದರಿಂದ ಅವುಗಳ ಗದ್ದಲವೂ ಇಲ್ಲ. ಎಂಜಿನ್ ನಡೆಯುತ್ತಿದೆಯೋ ಇಲ್ಲವೋ ಎಂಬ ಸಂದೇಹ ಬಂದಾಗ ದೃಷ್ಟಿ ತಾನಾಗಿ ಫ್ಯಾನಿನ ಕಡೆಗೆ ಹೊರಳುತ್ತದೆ. ರೆಕ್ಕೆಗಳು ಕಾಣದಿದ್ದರೆ ನಡೆಯುತ್ತಿದೆಯೆಂದರ್ಥ. ಆ ಚಪ್ಪಟೆಯಾದ ಮುಚ್ಚಳದ ಮೇಲೆ ನಾಣ್ಯವೊಂದನ್ನು ಅಂಚಿನ ಮೇಲೆ ನಿಲ್ಲಿಸಿ ತೋರಿಸುವುದು ಹಳೆಯ ಕಾರುಗಳ ಒಡೆಯರಿಗೆ ಪ್ರಿಯವಾದ ಆಟ. ನಾಣ್ಯಕ್ಕಿಂತ ನನ್ನನ್ನು ಹೆಚ್ಚಾಗಿ ಸೋಲಿಸಿದ್ದು ಮತ್ತೊಂದು ಸಂಗತಿ: ಮೇಲಿನ ಗೇರಿನಲ್ಲಿ, ಕಾಲ್ನಡಿಗೆಯ ವೇಗದಲ್ಲಿ ಬರುತ್ತಿರುವ ಕಾರಿನ ಪೆಡಲನ್ನು ಮೆಲ್ಲನೆ ಒತ್ತಿದರೆ, ಕೆಮ್ಮದೆ, ಗದರದೆ, ಅದು ಮುಂದಕ್ಕೆ ಸಾಗುವ ರೀತಿ. ಬಿಜುರ್ ಪದ್ಧತಿಯ ಒಂದು ಹಿಡಿಯನ್ನು ಚಾಲಕನು ಎಳೆದರೆ ಸಾಕು, ತಳಪಾಯದ ಕೀಲುಗಳಿಗೆಲ್ಲ ಎಣ್ಣೆ ತಾನಾಗಿ ಹರಿಯುತ್ತಿತ್ತು. ಕೊಂಡವನನ್ನೇ ಕೇಳಿ ನೋಡಿ ಎಂಬುದು ಈ ಸಂಸ್ಥೆಯ ಜಾಹೀರಾತಿನ ಘೋಷವಾಕ್ಯವಾಗಿತ್ತು. ತಾನೇ ತನ್ನ ಗುಣಗಳನ್ನು ಎಣಿಸಿ ಹೇಳಿಕೊಳ್ಳಲು ಸಂಕೋಚಪಟ್ಟ ಆ ಒಂದು ವಾಕ್ಯದಲ್ಲಿ ಅದರ ಶೀಲವೆಲ್ಲ ಇದೆ.

ಇದಕ್ಕೆ ಪ್ರತಿಯಾಗಿ ಕ್ಯಾಡಿಲಾಕಿನ ಪಕ್ಷದವರು ಅದರ ಹದಿನಾರು ಸಿಲಿಂಡರುಗಳ ಕಾರನ್ನು ಬ್ರಹ್ಮಾಸ್ತ್ರವೆಂಬಂತೆ ಪ್ರಯೋಗಿಸುತ್ತಾರೆ. ವಾಲ್‌ಸ್ಟ್ರೀಟಿನ ಪತನವಾಗಿ ಮೂರು ತಿಂಗಳೂ ಕಳೆಯದೆ, 1930ರ ಜನವರಿಯಲ್ಲಿ, ನ್ಯೂಯಾರ್ಕಿನ ಪ್ರದರ್ಶನದಲ್ಲಿ ಅದು ಅವತರಿಸಿತು. 452 ಘನ ಅಂಗುಲಗಳ ಎಂಜಿನ್. ವಾಲ್ವುಗಳ ಸದ್ದಡಗಿಸಲು ಎಣ್ಣೆಯ ಒತ್ತಡದ ಉಪಾಯ. ತಂತಿ ಕೊಳವೆಗಳನ್ನೆಲ್ಲ ಮರೆಮಾಡಿ, ಎನಾಮೆಲ್ಲು ಅಲ್ಯೂಮಿನಿಯಮ್ಮುಗಳಿಂದ ಮೆರುಗಿಟ್ಟ ಮೈ. ಎಂಜಿನ್ನನ್ನು ನೋಡುವವರ ಕಣ್ಣಿಗಾಗಿ ಶೃಂಗರಿಸುವ ಕಲೆ ಇದರಿಂದಲೇ ಮೊದಲಾಯಿತೆಂದು ಹೊಗಳುವವರುಂಟು. ನನಗೆ ಅದೇ ಅದರ ಮೇಲಿರುವ ಆಕ್ಷೇಪಣೆ. ಪ್ರತಿಯೊಂದು ಸಾಲಿಗೂ ಬೇರೆ ಕಾರ್ಬ್ಯುರೇಟರ್, ಬೇರೆ ಹೊಗೆಕೊಳವೆ ಇದ್ದ ಆ ಯಂತ್ರವನ್ನು ಸರಿಯಾಗಿ ನೋಡಿದರೆ, ಒಂದೇ ಕ್ರ್ಯಾಂಕ್‌ಶಾಫ್ಟಿಗೆ ಕಟ್ಟಿದ ಎರಡು ಸಾಲಿನ ಎಂಟುಗಳಲ್ಲದೆ ಅದು ಮತ್ತೇನೂ ಅಲ್ಲ. ಅದರ ನಯವೆಲ್ಲ ಸಾಲಿನ ಎಂಟರಿಂದ ಪಡೆದ ಸಾಲ. ಅದೂ ಹೋಗಲಿ. 1938ರಲ್ಲಿ ಅದೇ ಕ್ಯಾಡಿಲಾಕಿನವರು ಹೊಸ ಹದಿನಾರನ್ನು ರೂಪಿಸಿದಾಗ, ತಲೆಯ ಮೇಲಿನ ವಾಲ್ವುಗಳನ್ನು ಕೈಬಿಟ್ಟು ಪಕ್ಕದ ವಾಲ್ವುಗಳಿಗೆ ಬಂದರು, ಐದು ಬೇರಿಂಗುಗಳನ್ನು ಬಿಟ್ಟು ಒಂಬತ್ತಕ್ಕೆ ಬಂದರು. ಈ ಶರಣಾಗತಿಯ ಮಾತನ್ನು ಆ ಪಕ್ಷದ ಪಂಡಿತರು ಎತ್ತುವುದು ಅಪರೂಪ. ಹತ್ತು ವರ್ಷಗಳಲ್ಲಿ ಎರಡು ಬಗೆಯವೂ ಸೇರಿ ಸುಮಾರು ನಾಲ್ಕು ಸಾವಿರ ಮಾತ್ರ ತಯಾರಾದವು.

ಯೂರೋಪಿನ ಪಕ್ಷಪಾತಿಗಳ ತರ್ಕವಂತೂ ಇನ್ನೂ ವಿಚಿತ್ರವಾದದ್ದು. ರೋಲ್ಸ್-ರಾಯ್ಸಿನ ಸಿಲ್ವರ್ ಘೋಸ್ಟ್ ಸದ್ದಿಲ್ಲದೆ ನಡೆಯಿತೆಂದರೆ ಅದು ಆಭಿಜಾತ್ಯ; ಪ್ಯಾಕರ್ಡ್ ಸದ್ದಿಲ್ಲದೆ ನಡೆಯಿತೆಂದರೆ ಅದು ನಿರ್ಜೀವತೆ! ಒಂದೇ ಮೌನಕ್ಕೆ ಡರ್ಬಿಯಲ್ಲಿ ಒಂದು ಬೆಲೆ, ಡೆಟ್ರಾಯಿಟಿನಲ್ಲಿ ಇನ್ನೊಂದು ಬೆಲೆ. ಆದರೆ ರೋಲ್ಸ್-ರಾಯ್ಸಿನವರಿಗೆ ಈ ಭ್ರಮೆ ಇರಲಿಲ್ಲವೆಂಬುದಕ್ಕೆ ಸಾಕ್ಷ್ಯವುಂಟು. ಮಹಾಯುದ್ಧದಲ್ಲಿ ತಮ್ಮ ಮರ್ಲಿನ್ ವಿಮಾನಯಂತ್ರವನ್ನು ಅಟ್ಲಾಂಟಿಕಿನ ಆಚೆ ತಯಾರಿಸಬೇಕಾಗಿ ಬಂದಾಗ 1940ರಲ್ಲಿ ಆ ಕೆಲಸ ಬಂದದ್ದು ಪ್ಯಾಕರ್ಡಿನ ಕೈಗೆ. ಐವತ್ತೈದು ಸಾವಿರಕ್ಕೂ ಮಿಕ್ಕಿ ಮರ್ಲಿನ್‌ಗಳು ಅಲ್ಲಿ ತಯಾರಾದವು, ಮಸ್ಟಾಂಗ್ ಯುದ್ಧವಿಮಾನಗಳು ಬರ್ಲಿನ್ನಿನವರೆಗೆ ಹಾರಿಹೋದದ್ದು ಅವುಗಳ ಬಲದಿಂದ. ಯುದ್ಧಾನಂತರ, 1952ರಿಂದ, ಸ್ವಯಂಚಾಲಿತ ಗೇರು ಬೇಕೆನಿಸಿದಾಗ ಇದೇ ಆಂಗ್ಲ ಸಂಸ್ಥೆ ಜನರಲ್ ಮೋಟಾರ್ಸಿನ ಹೈಡ್ರಾಮ್ಯಾಟಿಕ್ಕನ್ನು ಬಳಸಿಕೊಂಡಿತು. ಸೋಫಾದ ಕಾಲುಗಳನ್ನು ಸಿಂಹಾಸನಕ್ಕೆ ಜೋಡಿಸಿದ ಈ ಕಥೆಯನ್ನು ನಮ್ಮ ರಸಿಕರು ಯಾವ ನ್ಯಾಯದಿಂದ ನುಂಗಿಕೊಳ್ಳುತ್ತಾರೋ ಕಾಣೆ.

ಪ್ಯಾಕರ್ಡಿನ ಇತಿಹಾಸ ಬರೆಯುವವರಲ್ಲಿಯೂ ಒಂದು ರೂಢಿಯ ತೀರ್ಪಿದೆ: 1935ರಲ್ಲಿ ಸಾವಿರ ಡಾಲರಿನ ಆಸುಪಾಸಿನ ಒನ್-ಟ್ವೆಂಟಿಯನ್ನು ಮಾರಿ ಅದು ತನ್ನ ಮರ್ಯಾದೆಯನ್ನು ಕಳೆದುಕೊಂಡಿತು ಎಂಬುದು. ಆರ್ಥಿಕ ಮುಗ್ಗಟ್ಟಿನಲ್ಲಿ ಪಿಯರ್ಸ್-ಆ್ಯರೋ ಸತ್ತಿತು, ಡ್ಯೂಸೆನ್‌ಬರ್ಗ್ ಸತ್ತಿತು, ಪ್ಯಾಕರ್ಡ್ ಬದುಕಿತು. ಬದುಕಿದ್ದೇ ಅಪರಾಧವೆನ್ನುವ ವಿಮರ್ಶೆಗೆ ನಾನು ಏನು ಹೇಳಲಿ? ಊರಿನ ವೈದ್ಯನೂ ಶಾಲೆಯ ಮುಖ್ಯೋಪಾಧ್ಯಾಯನೂ ಸಾಲಿನ ಎಂಟರ ಸುಖವನ್ನು ಕಂಡರೆ ಕೋಟ್ಯಧೀಶನ ಸುಖ ಕಡಿಮೆಯಾಗುತ್ತದೆ ಎಂಬ ವಾದದಲ್ಲಿ ಅಭಿರುಚಿಗಿಂತ ಅಸೂಯೆಯ ಪಾಲೇ ಹೆಚ್ಚು.

ಮೂಲದಲ್ಲಿ ಈ ಜಗಳ ಕಾರಿನದಲ್ಲ. ಒರಟುತನವನ್ನು ಸತ್ಯದ ಗುರುತೆಂದೂ ನಯವನ್ನು ಸುಳ್ಳಿನ ಗುರುತೆಂದೂ ತಿಳಿಯುವ ಒಂದು ಮನೋಧರ್ಮ ನಮ್ಮ ಕಾಲದಲ್ಲಿ ಎಲ್ಲೆಡೆಯೂ ಬೇರೂರಿದೆ. ಗದರುವ ಎಂಜಿನ್ನು ಪ್ರಾಮಾಣಿಕ, ಮೌನದ್ದು ಕಪಟಿ. ಕಿರುಚುವ ಕಂಠ ಅನುಭವಿ, ಶ್ರುತಿಯಲ್ಲಿ ನಿಂತ ಕಂಠ ಬರಿಯ ಅಭ್ಯಾಸಿ. ಮುಗ್ಗರಿಸುವ ಗದ್ಯ ಆಳವಾದದ್ದು, ನಡೆಯಬಲ್ಲ ಗದ್ಯ ತೆಳುವಾದದ್ದು. ಮಾಸ್ತಿಯವರ ಕಥೆಗಳಿಗೆ ಕನ್ನಡ ವಿಮರ್ಶೆ ಒಂದು ಕಾಲದಲ್ಲಿ ಮಾಡಿದ್ದು ಇದನ್ನೇ ಅಲ್ಲವೆ? ಅಷ್ಟು ಸಲೀಸಾಗಿ ಹೇಳುವವನಿಗೆ ಹೇಳತಕ್ಕದ್ದು ದೊಡ್ಡದಾಗಿ ಏನೂ ಇರಲಾರದೆಂದು ಊಹಿಸಿಬಿಟ್ಟರು. ಆ ಸಲೀಸಿನ ಅಡಿಯಲ್ಲಿ ಎಷ್ಟು ಆಧಾರಗಳನ್ನು ಕೊಟ್ಟು ಕಥನವನ್ನು ನಿಲ್ಲಿಸಿದ್ದಾರೆಂಬುದನ್ನು ಬಗ್ಗಿ ನೋಡಲು ವ್ಯವಧಾನವಿರಲಿಲ್ಲ. ಭಾರತದಲ್ಲಿ ಮೋಟಾರು ಕಾರ್ಖಾನೆ ಸ್ಥಾಪನೆಯಾಗಬೇಕೆಂದು 1930ರ ದಶಕದ ನಡುವಿನಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳನ್ನು ಸುತ್ತಿಬಂದ ನಮ್ಮ ವಿಶ್ವೇಶ್ವರಯ್ಯನವರಿಗೆ ಈ ಮನೋಧರ್ಮ ಅರ್ಥವಾಗುತ್ತಿತ್ತೆಂದು ನನಗನ್ನಿಸುವುದಿಲ್ಲ. ಕೆಲಸ ಸದ್ದಿಲ್ಲದೆ ನಡೆಯಬೇಕೆಂಬುದೇ ಅವರ ಜೀವನಕ್ರಮವಾಗಿತ್ತು.

ಸಾಲಿನ ಎಂಟು ಸತ್ತದ್ದು ವಿಮರ್ಶಕರ ಬಾಣದಿಂದಲ್ಲ, ಪೆಟ್ರೋಲಿನಿಂದ. ಯುದ್ಧಾನಂತರ ಉತ್ತಮವಾದ ಇಂಧನ ದೊರೆತು ಹೆಚ್ಚಿನ ಸಂಪೀಡನ ಸಾಧ್ಯವಾದಾಗ, ಪಕ್ಕದಲ್ಲಿ ವಾಲ್ವುಗಳಿರುವ ವಿಶಾಲವಾದ ಕೋಣೆ ಅದಕ್ಕೆ ಒಗ್ಗಲಿಲ್ಲ. 1949ರಲ್ಲಿ ಕ್ಯಾಡಿಲಾಕ್ ತಲೆಯ ಮೇಲೆ ವಾಲ್ವುಗಳುಳ್ಳ, 331 ಘನ ಅಂಗುಲಗಳ ಗಿಡ್ಡನೆಯ ವಿ-8ರಿಂದ 160 ಅಶ್ವಶಕ್ತಿಯನ್ನು ತೆಗೆಯಿತು. 1940ರಲ್ಲಿ ಪ್ಯಾಕರ್ಡಿನ ಎಂಟು ಅಷ್ಟನ್ನೇ 356 ಘನ ಅಂಗುಲಗಳಿಂದ ತೆಗೆದಿತ್ತು. ಗಿಡ್ಡನೆಯದು ಹಗುರವಾಗಿತ್ತು, ಬೆಳೆಯಲು ಅವಕಾಶವಿತ್ತು; ಲೋಕ ಅದರ ಕಡೆ ಹೋಯಿತು. ಪ್ಯಾಕರ್ಡ್ ಮಾತ್ರ 1954ರವರೆಗೂ ಒಂಬತ್ತು ಬೇರಿಂಗುಗಳನ್ನು ಬಿಡದೆ, 359 ಘನ ಅಂಗುಲಗಳಿಂದ 212 ಅಶ್ವಶಕ್ತಿಯನ್ನು ಹೊರಡಿಸಿ, ಅದೇ ವರ್ಷ ಸ್ಟೂಡಿಬೇಕರಿನೊಡನೆ ಕೂಡಿಕೊಂಡು, 1956ರಲ್ಲಿ ಡೆಟ್ರಾಯಿಟಿನ ಬಾಗಿಲು ಮುಚ್ಚಿತು. ಅನಂತರ ಎರಡು ವರ್ಷ ಸ್ಟೂಡಿಬೇಕರಿನ ಕಾರುಗಳಿಗೆ ಅದರ ಹೆಸರನ್ನು ಅಂಟಿಸಿ ಮಾರಿದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಠದಿಂದ ಹಾಳಾಯಿತೆಂದು ವ್ಯಾಪಾರದ ಪಂಡಿತರು ಬರೆಯುತ್ತಾರೆ; ಬರೆಯಲಿ.

ಹಳೆಯ ಕಾರುಗಳ ಪ್ರದರ್ಶನಗಳು ಬೆಂಗಳೂರಿನಲ್ಲಿಯೂ ಆಗಾಗ ನಡೆಯುತ್ತವೆ. ಓದುಗರು ಅಂಥಲ್ಲಿಗೆ ಹೋದಾಗ ಬಣ್ಣದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಬರುವುದರ ಬದಲು, ಒಡೆಯರನ್ನು ವಿನಯದಿಂದ ಕೇಳಿ ಬಾನೆಟ್ಟನ್ನು ಎತ್ತಿಸಿ ನೋಡಬೇಕು. ಎಂಟು ಪ್ಲಗ್ಗುಗಳು ಒಂದೇ ಸಾಲಿನಲ್ಲಿ ಕಂಡರೆ ಎಂಜಿನ್ನನ್ನು ಚಾಲೂ ಮಾಡಿಸಿ, ಪಕ್ಕದಲ್ಲಿ ಹತ್ತು ನಿಮಿಷ ನಿಂತು, ಸೋಫಾದ ಮಾತನ್ನು ಆಮೇಲೆ ಆಡಬೇಕೆಂದು ಪ್ರಾರ್ಥನೆ.