ಅಕ್ಕನ ಪಾಠ, ಶಾಲೆಯ ಅಳತೆಗೋಲು

ಈವ್ ಗ್ರೆಗರಿ ಮತ್ತು ಆ್ಯನ್ ವಿಲಿಯಮ್ಸ್ ಅವರ 'ಸಿಟಿ ಲಿಟರಸೀಸ್' (2000) ಪೂರ್ವ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಹಾಗೂ ಅದರ ಪಕ್ಕದ ಸಿಟಿ ಪ್ರದೇಶದಲ್ಲಿ ಹಲವು ತಲೆಮಾರುಗಳ ಮಕ್ಕಳು ಓದಲು ಕಲಿತ ಬಗೆಯನ್ನು ದಾಖಲಿಸುವ ಅಧ್ಯಯನ. ಫ್ರಾನ್ಸಿನಿಂದ ಬಂದ ಪ್ರೊಟೆಸ್ಟೆಂಟರು 1743ರಲ್ಲಿ ಬ್ರಿಕ್ ಲೇನ್‌ನಲ್ಲಿ ಕಟ್ಟಿದ ಪ್ರಾರ್ಥನಾಮಂದಿರ 1898ರಲ್ಲಿ ಯಹೂದಿಗಳ ಸಿನಗಾಗ್ ಆಗಿ, 1976ರಲ್ಲಿ ಮಸೀದಿಯಾಯಿತು. ಇಂಥ ನೆಲದಲ್ಲಿ ಮಕ್ಕಳ ಕಲಿಕೆಗೂ ಒಂದೇ ಮಾದರಿ ಇರಲು ಸಾಧ್ಯವಿಲ್ಲ. ಮನೆಯಲ್ಲಿ ಬಡತನವಿದ್ದರೆ ಅಕ್ಷರಕ್ಕೂ ಬಡತನ, ಮಲಗುವ ಮುನ್ನ ತಂದೆತಾಯಿ ಕಥೆ ಓದಿ ಹೇಳದಿದ್ದರೆ ಮಗು ಶಾಲೆಯಲ್ಲಿ ಹಿಂದೆ ಬೀಳುತ್ತದೆ ಎಂಬ ಬೇರೂರಿದ ನಂಬಿಕೆಗಳನ್ನು ಅಲ್ಲಗಳೆಯುವುದೇ ಕೃತಿಯ ಉದ್ದೇಶ.

ಕೃತಿಯ ಸತ್ವವಿರುವುದು ಬಾಂಗ್ಲಾದೇಶಿ ಮೂಲದ ಮನೆಗಳಲ್ಲಿ ಒಡಹುಟ್ಟಿದವರು ನಡೆಸುವ ಓದಿನ ವಿವರಣೆಯಲ್ಲಿ. ತಮ್ಮನೋ ತಂಗಿಯೋ ಶಾಲೆಯ ಇಂಗ್ಲಿಷ್ ಪುಸ್ತಕ ಓದುವಾಗ ತಡವರಿಸಿದರೆ ಅಕ್ಕ ಆ ಪದವನ್ನು ಹೇಳಿಕೊಡುತ್ತಾಳೆ, ಮಗು ಅದನ್ನು ಮತ್ತೆ ಹೇಳಿ ಮುಂದುವರಿಯುತ್ತದೆ; ಓದು ಪಳಗಿದಂತೆ ಅವಳು ಹಿಂದೆ ಸರಿದು ತಪ್ಪಿದಲ್ಲಿ ಮಾತ್ರ ತಿದ್ದುತ್ತಾಳೆ. ಕುರಾನ್ ತರಗತಿಯ ಕೇಳು-ಹೇಳು ಕ್ರಮವೂ ಇಂಗ್ಲಿಷ್ ಶಾಲೆಯ ಓದಿನ ಕ್ರಮವೂ ಇಲ್ಲಿ ಒಂದರೊಳಗೊಂದು ಬೆರೆಯುವುದನ್ನು, ಅಂದರೆ ಎರಡು ಪರಂಪರೆಗಳಿಂದ ಹೊಸದೊಂದು ರೀತಿ ಹುಟ್ಟುವುದನ್ನು, ಗ್ರೆಗರಿ 'ಸಿಂಕ್ರೆಟಿಕ್ ಲಿಟರಸಿ' ಎಂದು ಕರೆಯುತ್ತಾರೆ. ಬಾಯಿಪಾಠವನ್ನು ಜಡವೆಂದು ತಳ್ಳಿಹಾಕುವವರಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇಕಿಲ್ಲ.

ಮಕ್ಕಳೇ ಮಕ್ಕಳಿಗೆ ಕಲಿಸುವ ಈ ಕ್ರಮ ಲಂಡನ್ನಿಗೆ ಹೊಸದೂ ಅಲ್ಲ. ಮದರಾಸಿನ ಅನಾಥಾಲಯವೊಂದರ ಹೊಣೆ ಹೊತ್ತಿದ್ದ ಆಂಡ್ರ್ಯೂ ಬೆಲ್ ಅಲ್ಲಿ ರೂಪಿಸಿದ ಪದ್ಧತಿಯನ್ನು 1797ರಲ್ಲಿ ಪ್ರಕಟಿಸಿದ ಮೇಲೆ, ಸ್ಪಿಟಲ್‌ಫೀಲ್ಡ್ಸ್‌ಗೆ ಕೂಗಳತೆಯಲ್ಲಿರುವ ಆಲ್ಡ್‌ಗೇಟ್‌ನ ಸೇಂಟ್ ಬಾಟಲ್ಫ್ಸ್ ಶಾಲೆ 1798ರಲ್ಲಿ ಅದನ್ನು ಅಳವಡಿಸಿಕೊಂಡಿತು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಕೂಡ 1823ರ ವರದಿಯಲ್ಲಿ, ಅಲ್ಲಿನ ಕನ್ನಡ ಮತ್ತು ತೆಲುಗು ಶಾಲೆಗಳಲ್ಲಿ ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತ ತಮ್ಮ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುವುದನ್ನು ಮೆಚ್ಚಿ, ಇಂಗ್ಲೆಂಡ್ ಅದನ್ನು ಅನುಸರಿಸಿದ್ದು ಸರಿಯೆಂದು ಬರೆದ. ಹೀಗೆ ನೋಡಿದರೆ, ಸ್ಪಿಟಲ್‌ಫೀಲ್ಡ್ಸ್‌ನ ಅಕ್ಕ ಮಾಡುತ್ತಿರುವುದು ವಲಸಿಗರ ಮನೆಯ ವಿಶೇಷವೆನ್ನುವುದಕ್ಕಿಂತ ಶಾಲೆಯೇ ಒಮ್ಮೆ ಎರವಲು ಪಡೆದು ಕೈಬಿಟ್ಟ ವಿದ್ಯೆ.

ಕೃತಿಯ ಮಿತಿಗಳೂ ಗಮನಾರ್ಹ. ಹಿರಿಯ ತಲೆಮಾರಿನ ಚಿತ್ರಣ ಬಹುಮಟ್ಟಿಗೆ ನೆನಪುಗಳನ್ನು ಅವಲಂಬಿಸಿರುವುದರಿಂದ, ಓದು ಕೈಗೂಡದವರ ದನಿ ಅಲ್ಲಿ ಕ್ಷೀಣ. ಅದಕ್ಕಿಂತ ಮುಖ್ಯವಾಗಿ, ಅಕ್ಕನ ಪಾಠದ ಬೆಲೆಯನ್ನು ಅದು ಇಂಗ್ಲಿಷ್ ಓದಿಗೆ ಎಷ್ಟು ನೆರವಾಯಿತೆಂಬುದರಿಂದಲೇ ಅಳೆಯುವಾಗ, ಮನೆಯ ಕ್ರಮಕ್ಕೆ ಮನ್ನಣೆ ದೊರೆತರೂ ಅಳತೆಗೋಲು ಶಾಲೆಯದಾಗಿಯೇ ಉಳಿಯುತ್ತದೆ. ಲಂಡನ್ನಿನ ಕನ್ನಡ ಕುಟುಂಬಗಳಲ್ಲಿ ಇದರ ಪರಿಣಾಮ ಸ್ಪಷ್ಟವಾಗಬಲ್ಲದು: ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಿಗೆ ಹದಿನಾರರ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಯಲ್ಲಿ ಸ್ಥಾನವಿದೆ, ಕನ್ನಡಕ್ಕಿಲ್ಲ; ಹೀಗಿರುವಾಗ ಶಾಲೆಗೆ ಹೋಗಿಬಂದ ಅಕ್ಕ ತಮ್ಮನಿಗೆ ಇಂಗ್ಲಿಷನ್ನೇ ದಾಟಿಸಿದರೆ, ಕನ್ನಡ ಕಲಿಸುವ ಹೊರೆ ತಂದೆತಾಯಿ, ಅಜ್ಜಿ-ತಾತ ಮತ್ತು ವಾರಾಂತ್ಯದ ತರಗತಿಗಳ ಮೇಲೆ ಬೀಳುತ್ತದೆ.

ಈ ಕೊರತೆಯನ್ನು ಶಾರ್ಮಿಯನ್ ಕೆನ್ನರ್ ಅವರ 'ಬಿಕಮಿಂಗ್ ಬೈಲಿಟರೇಟ್' (2004) ಭಾಗಶಃ ತುಂಬುತ್ತದೆ. ಅಲ್ಲಿ ಚೀನೀ, ಅರೇಬಿಕ್, ಸ್ಪ್ಯಾನಿಷ್ ಬರೆಯಲು ಕಲಿಯುತ್ತಿದ್ದ ಲಂಡನ್ನಿನ ಆರು ವರ್ಷದ ಮಕ್ಕಳು ತಮ್ಮ ಲಿಪಿಯನ್ನು ಸಹಪಾಠಿಗಳಿಗೇ ಕಲಿಸುತ್ತಾರೆ. ಎರಡನ್ನೂ ಜೊತೆಗಿಟ್ಟು ಓದಿದಾಗ, ಗ್ರೆಗರಿ-ವಿಲಿಯಮ್ಸ್ ಮನೆಯಿಂದ ಶಾಲೆಗೆ ತೆರೆದ ದಾರಿ ಎಷ್ಟು ಅಗತ್ಯವಾಗಿತ್ತೋ, ಅದು ಎರಡೂ ದಿಕ್ಕಿಗೆ ತೆರೆದಿರುವುದು ಅಷ್ಟೇ ಅಗತ್ಯವೆಂಬುದು ಮನದಟ್ಟಾಗುತ್ತದೆ.